ಒಬ್ಬಳೇ ಹೆಂಗಸು, ಪುಸ್ತಕಕ್ಕೊಂದು ಬದುಕು: ಆಸ್ಟ್ರೇಲಿಯದ ಮೊದಲಿಗ ಮಹಿಳೆಯರ ಜೀವನಚರಿತ್ರೆಗಳನ್ನು ಓದುವ ಬಗೆ

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ. ಮಗಳ ಮನೆಗೆಂದು ಮೆಲ್ಬರ್ನ್‌ಗೆ ಬಂದು ನಾಲ್ಕು ತಿಂಗಳಾಯಿತು. ಇಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಈ ದೇಶದ 'ಪಯೊನಿಯರ್' ಮಹಿಳೆಯರ ಜೀವನಚರಿತ್ರೆಗಳು ಒಂದು ಕಪಾಟಿನ ತುಂಬ ಇವೆ. ಓದುತ್ತ ಹೋದಂತೆ ಗೊಂದಲ ಹೆಚ್ಚಿತು. ಡೇಸಿ ಬೇಟ್ಸ್ ಎಂಬಾಕೆ ಒಂದು ಪುಸ್ತಕದಲ್ಲಿ ಮರುಭೂಮಿಯ ಕರುಣಾಮಯಿ, ಇನ್ನೊಂದರಲ್ಲಿ ಸುಳ್ಳುಗಾರ್ತಿ. ಎಲಿಜಬೆತ್ ಮೆಕಾರ್ಥರ್ ಒಂದರಲ್ಲಿ ಸಂತೃಪ್ತ ಗೃಹಿಣಿ, ಇನ್ನೊಂದರಲ್ಲಿ ಗುಟ್ಟಾಗಿ ಬೇರೊಬ್ಬನನ್ನು ಪ್ರೀತಿಸಿದವಳು. ಯಾವುದನ್ನು ನಂಬಬೇಕು? ಎಲ್ಲಿಂದ ಆರಂಭಿಸಬೇಕು? ಹತ್ತು ವರ್ಷದ ಮೊಮ್ಮಗಳಿಗಾಗಿ ಇವರಲ್ಲಿ ಒಬ್ಬಳ ಕಥೆಯನ್ನು ಕನ್ನಡದಲ್ಲಿ ಬರೆಯಬೇಕೆಂಬ ಆಸೆಯೂ ಇದೆ. ಮಾತುಕತೆಗಳನ್ನು ಕಲ್ಪಿಸಿ ಸೇರಿಸಿದರೆ ತಪ್ಪಾಗುತ್ತದೆಯೇ?

ಉತ್ತರ: ತಮ್ಮ ಗೊಂದಲ ಓದಿನ ದೋಷದಿಂದ ಬಂದದ್ದಲ್ಲ, ಗಮನವಿಟ್ಟು ಓದಿದ್ದರಿಂದಲೇ ಬಂದದ್ದು. ಒಂದೇ ಪುಸ್ತಕ ಓದಿ ಮುಗಿಸಿದ್ದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಈ ಪುಸ್ತಕಗಳನ್ನು ಬಹುಕಾಲದಿಂದ ಓದುತ್ತ, ಓದಿಸುತ್ತ ಬಂದಿರುವ ನಾನು ಕಂಡುಕೊಂಡಿರುವುದು ಇಷ್ಟು: ಜೀವನಚರಿತ್ರೆಯೊಂದನ್ನು ತೆರೆದಾಗ 'ಈಕೆ ಹೇಗಿದ್ದಳು' ಎಂದು ಕೇಳುವುದಕ್ಕೂ ಮೊದಲು 'ಈಕೆಯ ಮಾತು ಯಾರ ಕೈದಾಟಿ ನನ್ನವರೆಗೆ ಬಂದಿದೆ' ಎಂದು ಕೇಳಬೇಕು. ತಾವು ಹೆಸರಿಸಿದ ಇಬ್ಬರ ವಿಷಯದಲ್ಲಿ ಈ ಎರಡನೆಯ ಪ್ರಶ್ನೆಗೆ ಸಿಗುವ ಉತ್ತರವೇ ಮೊದಲನೆಯ ಪ್ರಶ್ನೆಯನ್ನೂ ಬಹುಮಟ್ಟಿಗೆ ಬಿಡಿಸುತ್ತದೆ.

ಅದಕ್ಕೂ ಮುಂಚೆ 'ಪಯೊನಿಯರ್' ಎಂಬ ಪದದ ಬಗ್ಗೆ ಒಂದು ಮಾತು. ತಾವು ಕನ್ನಡದಲ್ಲಿ ಬರೆಯಹೊರಟಾಗ ಮೊದಲ ಎಡರು ಇಲ್ಲಿಯೇ ಎದುರಾಗುತ್ತದೆ. ನಾವು ಇದನ್ನು 'ಹಾದಿ ಹಾಕಿದವರು', 'ಮೊದಲಿಗರು' ಎಂದು ಅನುವಾದಿಸಿಕೊಳ್ಳುತ್ತೇವೆ, ಮೊದಲ ವೈದ್ಯೆ, ಮೊದಲ ಶಾಸಕಿ ಎನ್ನುವ ಅರ್ಥದಲ್ಲಿ. ಆಸ್ಟ್ರೇಲಿಯದಲ್ಲಿ ಈ ಪದಕ್ಕೆ ಇನ್ನೊಂದು ಅರ್ಥ ಗಟ್ಟಿಯಾಗಿ ಅಂಟಿಕೊಂಡಿದೆ: ಬ್ರಿಟನ್ನಿನಿಂದ ಬಂದು, ಕಾಡು ಕಡಿದು, ನೆಲ ಹಿಡಿದು ನೆಲೆಸಿದ ಬಿಳಿಯ ವಲಸಿಗರು. 1938ರಲ್ಲಿ, ವಸಾಹತು ಸ್ಥಾಪನೆಯ 150ನೆಯ ವರ್ಷದ ನೆನಪಿಗೆ, ಫ್ಲೋರಾ ಎಲ್ಡರ್‌ಷಾ ಅವರ ಸಂಪಾದಕತ್ವದಲ್ಲಿ 'ದಿ ಪೀಸ್‌ಫುಲ್ ಆರ್ಮಿ' ಎಂಬ ಸಂಕಲನ ಪ್ರಕಟವಾಯಿತು. ಪಯೊನಿಯರ್ ಮಹಿಳೆಯರ ಸ್ಮರಣೆಗೆಂದು ಲೇಖಕಿಯರೇ ಸೇರಿ ಬರೆದ ಪುಸ್ತಕವದು, ಇಂದಿಗೂ ಓದಿಸಿಕೊಳ್ಳುವ ಬರಹಗಳು ಅದರಲ್ಲಿವೆ. ಅದೇ ವರ್ಷದ ಜನವರಿ 26ರಂದು, ವಸಾಹತು ಸ್ಥಾಪನೆಯಾದ ತಾರೀಕಿನಂದೇ, ಸಿಡ್ನಿಯಲ್ಲಿ ಮೂಲನಿವಾಸಿಗಳು ಆ ದಿನವನ್ನು ಶೋಕದಿನವೆಂದು ಆಚರಿಸಿದರು. ಆ ಹೋರಾಟದ ಮುಂಚೂಣಿಯಲ್ಲಿದ್ದವರಲ್ಲಿ ಪರ್ಲ್ ಗಿಬ್ಸ್ ಎಂಬ ಮೂಲನಿವಾಸಿ ಮಹಿಳೆಯೂ ಒಬ್ಬರು. ಆಕೆಯೂ ಹಾದಿ ಹಾಕಿದವರೇ. ಆದರೆ 'ಪಯೊನಿಯರ್' ಎಂದು ಬೆನ್ನಿನ ಮೇಲೆ ಅಚ್ಚಾದ ಪುಸ್ತಕಗಳಲ್ಲಿ ಅಂಥವರಿಗೆ ಬಹುಕಾಲ ಜಾಗ ಸಿಗಲಿಲ್ಲ. ಆದ್ದರಿಂದ ತಮ್ಮ ಎದುರಿನ ಕಪಾಟಿನಲ್ಲಿ ಯಾರು ಇದ್ದಾರೆ ಎನ್ನುವಷ್ಟೇ ಯಾರು ಇಲ್ಲ ಎನ್ನುವುದನ್ನೂ ನೋಡಬೇಕು.

ಈಗ ಎಲಿಜಬೆತ್ ಮೆಕಾರ್ಥರ್ ವಿಷಯಕ್ಕೆ ಬರೋಣ. 1766ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಹುಟ್ಟಿದ ಈಕೆ, ಸೈನ್ಯಾಧಿಕಾರಿಯಾದ ಗಂಡ ಜಾನ್ ಮೆಕಾರ್ಥರ್ ಜೊತೆಗೆ 1790ರಲ್ಲಿ ಸಿಡ್ನಿಗೆ ಬಂದಳು. ಹಡಗಿನಲ್ಲಿ ಹುಟ್ಟಿದ ಹೆಣ್ಣುಮಗು ಹಡಗಿನಲ್ಲೇ ತೀರಿಕೊಂಡಿತು. ಜಾನ್ ಜಗಳಗಂಟ. ಮೇಲಧಿಕಾರಿಯೊಡನೆ ದ್ವಂದ್ವಯುದ್ಧ ಮಾಡಿ 1801ರಲ್ಲಿ ಇಂಗ್ಲೆಂಡಿಗೆ ಕಳುಹಿಸಲ್ಪಟ್ಟವನು 1805ರವರೆಗೆ ಹಿಂದಿರುಗಲಿಲ್ಲ. ಗವರ್ನರ್ ವಿರುದ್ಧದ ದಂಗೆಯಲ್ಲಿ ಸಿಲುಕಿ 1809ರಲ್ಲಿ ಹೋದವನು 1817ರವರೆಗೆ ಬರಲಿಲ್ಲ. ಈ ಹನ್ನೆರಡು ವರ್ಷ ಪ್ಯಾರಾಮಟ್ಟದ ಜಮೀನು, ಮರಿನೋ ಕುರಿಹಿಂಡು, ಆಳುಗಳು, ಲೆಕ್ಕಪತ್ರ, ಮಕ್ಕಳು ಎಲ್ಲವನ್ನೂ ನೋಡಿಕೊಂಡವಳು ಎಲಿಜಬೆತ್. ಆದರೆ 1966ರಲ್ಲಿ ಆಸ್ಟ್ರೇಲಿಯ ಎರಡು ಡಾಲರ್ ನೋಟು ಹೊರತಂದಾಗ ಅದರ ಮೇಲೆ ಅಚ್ಚಾದದ್ದು ಜಾನ್ ಮುಖ ಮತ್ತು ಪಕ್ಕದಲ್ಲೊಂದು ಮರಿನೋ ಟಗರು. ಜನಪ್ರಿಯ ಜೀವನಚರಿತ್ರೆಗಳು ಎಲಿಜಬೆತ್‌ಳನ್ನು ಮತ್ತೆ ಮತ್ತೆ ಎತ್ತಿಕೊಳ್ಳುವುದಕ್ಕೆ ಕಾರಣ ಈ ಅನ್ಯಾಯವೇ. ಅದು ನ್ಯಾಯವಾದ ಕಾರಣವೆಂದೇ ನನ್ನ ಅಭಿಪ್ರಾಯ.

ಆಕೆಯ ಪತ್ರಗಳು ಉಳಿದಿವೆ. ಆದರೆ ಅವು ಸಾರ್ವಜನಿಕರಿಗೆ ಪುಸ್ತಕರೂಪದಲ್ಲಿ ಸಿಕ್ಕಿದ್ದು 1914ರಲ್ಲಿ, ಆಕೆಯ ಮರಿಮಗಳ ತಲೆಮಾರಿನ ಸಿಬೆಲ್ಲಾ ಮೆಕಾರ್ಥರ್ ಆನ್ಸ್ಲೋ ಸಂಪಾದಿಸಿದ ಕುಟುಂಬದ ದಾಖಲೆಗಳ ಸಂಪುಟದಲ್ಲಿ. ಅಲ್ಲದೆ ಆಕೆ ಪತ್ರ ಬರೆದದ್ದು ಇಂಗ್ಲೆಂಡಿನಲ್ಲಿದ್ದ ತಾಯಿಗೆ, ಗೆಳತಿಗೆ. ಆ ಕಾಲದಲ್ಲಿ ದೂರದೇಶದ ಪತ್ರವನ್ನು ಮನೆಮಂದಿಯೆಲ್ಲ ಕೂತು ಓದಿಸಿ ಕೇಳುತ್ತಿದ್ದರು. ಅಂಥ ಪತ್ರದಲ್ಲಿ ಗಂಡನ ಮೇಲಿನ ಬೇಸರವನ್ನು ಯಾರು ತಾನೇ ಬರೆದಾರು? 'ಸಂತೃಪ್ತ ಗೃಹಿಣಿ' ಎಂಬ ಚಿತ್ರ ಹುಟ್ಟಿದ್ದು ಈ ಪತ್ರಗಳನ್ನು ಅಕ್ಷರಶಃ ಓದಿದ್ದರಿಂದ. ಇನ್ನು ಪ್ರೇಮದ ಕಥೆ. 1791ರ ಮಾರ್ಚ್ 7ರ ತಾರೀಕಿನ, ಗೆಳತಿ ಬ್ರಿಜೆಟ್ ಕಿಂಗ್ಡನ್‌ಗೆ ಬರೆದ ಪತ್ರದಲ್ಲಿ, ವಿಲಿಯಂ ಡಾವ್ಸ್ ಎಂಬ ಅಧಿಕಾರಿಯ ಬಳಿ ಖಗೋಳಶಾಸ್ತ್ರ ಕಲಿಯಹೊರಟು ಅದು ತನ್ನ ಕೈಲಾಗದೆಂದು ಸಂಕೋಚದಿಂದ ಬಿಟ್ಟುಕೊಟ್ಟ ಪ್ರಸಂಗವನ್ನು ಆಕೆ ಹೇಳುತ್ತಾಳೆ. ಕೇಟ್ ಗ್ರೆನ್‌ವಿಲ್ 2020ರಲ್ಲಿ ಪ್ರಕಟಿಸಿದ 'ಎ ರೂಮ್ ಮೇಡ್ ಆಫ್ ಲೀವ್ಸ್' ಈ ಒಂದು ಎಳೆಯನ್ನು ಹಿಡಿದು ಪ್ರೇಮಪ್ರಕರಣವನ್ನು ನೇಯುತ್ತದೆ. ಆಕೆಯ ಗುಪ್ತ ಆತ್ಮಕಥೆ ಈಗ ಸಿಕ್ಕಿದೆ ಎಂಬ ಚೌಕಟ್ಟೂ ಅದಕ್ಕಿದೆ. ಅದು ಕಾದಂಬರಿ, ಚೌಕಟ್ಟೂ ಕಾದಂಬರಿಯ ಭಾಗವೇ. ಗ್ರಂಥಾಲಯದ ಕಪಾಟಿನಲ್ಲಿ ಅದು ಮಿಷೆಲ್ ಸ್ಕಾಟ್ ಟಕರ್ 2018ರಲ್ಲಿ ಬರೆದ ಜೀವನಚರಿತ್ರೆಯ ಪಕ್ಕದಲ್ಲೇ ಕೂತಿದ್ದರೆ ಓದುಗರು ಎರಡನ್ನೂ ಒಂದೇ ಜಾತಿಯೆಂದು ತಿಳಿಯುವುದು ಸಹಜ. ಗ್ರೆನ್‌ವಿಲ್ ಅವರೇ 2022ರಲ್ಲಿ ಎಲಿಜಬೆತ್‌ಳ ಪತ್ರಗಳನ್ನು ಬೇರೆಯಾಗಿ ಸಂಪಾದಿಸಿ ಕೊಟ್ಟಿದ್ದಾರೆ. ತಾವು ಮೊದಲು ಪತ್ರಗಳನ್ನು, ಆಮೇಲೆ ಟಕರ್ ಅವರ ಪುಸ್ತಕವನ್ನು, ಕೊನೆಗೆ ಕಾದಂಬರಿಯನ್ನು ಓದಿ. ಈ ಕ್ರಮದಲ್ಲಿ ಓದಿದರೆ ಕಾದಂಬರಿಯ ಸೊಗಸೂ ಕೆಡುವುದಿಲ್ಲ, ಚರಿತ್ರೆಯೂ ಕಲಸಿಹೋಗುವುದಿಲ್ಲ.

ಡೇಸಿ ಬೇಟ್ಸ್ ಸಮಸ್ಯೆ ಇದಕ್ಕಿಂತ ಜಟಿಲ. ಇಲ್ಲಿ ಕಥೆ ಕಟ್ಟಿದವರಲ್ಲಿ ಮೊದಲಿಗಳು ಆಕೆಯೇ. 1859ರಲ್ಲಿ ಐರ್ಲೆಂಡಿನ ಟಿಪ್ಪರೇರಿಯ ಸಾಧಾರಣ ಕ್ಯಾಥೊಲಿಕ್ ಮನೆತನದಲ್ಲಿ ಹುಟ್ಟಿದ ಈಕೆ, ತಾನು ಪ್ರತಿಷ್ಠಿತ ಪ್ರಾಟೆಸ್ಟೆಂಟ್ ಕುಟುಂಬದವಳೆಂದು ಜೀವನವಿಡೀ ಹೇಳಿಕೊಂಡಳು. 1884ರಲ್ಲಿ ಕ್ವೀನ್ಸ್‌ಲೆಂಡಿನ ಚಾರ್ಟರ್ಸ್ ಟವರ್ಸ್‌ನಲ್ಲಿ ಆಕೆ ಮದುವೆಯಾದ ಎಡ್ವಿನ್ ಮರಾಂಟ್ ಎಂಬವನೇ ಮುಂದೆ ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಗುಂಡೇಟಿನ ಶಿಕ್ಷೆಗೆ ಗುರಿಯಾದ 'ಬ್ರೇಕರ್ ಮೊರಾಂಟ್' ಎಂಬುದು ಚರಿತ್ರಕಾರರು ಸಾಮಾನ್ಯವಾಗಿ ಒಪ್ಪುವ ಮಾತು. ಆ ಮದುವೆ ರದ್ದಾಗದೆಯೇ 1885ರಲ್ಲಿ ಜಾಕ್ ಬೇಟ್ಸ್ ಎಂಬವನನ್ನೂ, ಅದೇ ವರ್ಷ ಸಿಡ್ನಿಯಲ್ಲಿ ಅರ್ನೆಸ್ಟ್ ಬ್ಯಾಗಲ್‌ಹೋಲ್ ಎಂಬವನನ್ನೂ ಮದುವೆಯಾದಳು. ಇವು ಚರ್ಚು ಮತ್ತು ಸರ್ಕಾರದ ವಿವಾಹ ದಾಖಲೆಗಳಲ್ಲಿ ಇದ್ದ ಸಂಗತಿಗಳು. ಆಕೆ ಬದುಕಿದ್ದಾಗ ಯಾರೂ ಹುಡುಕಿರಲಿಲ್ಲ ಅಷ್ಟೆ. 1971ರಲ್ಲಿ ಎಲಿಜಬೆತ್ ಸಾಲ್ಟರ್ ಬರೆದ ಜೀವನಚರಿತ್ರೆಯ ಉಪಶೀರ್ಷಿಕೆಯೇ ಆಕೆಯನ್ನು 'ಬಿಳಿಯ ಮಹಾರಾಣಿ' ಎಂದು ಕರೆಯುತ್ತದೆ. 2007ರಲ್ಲಿ ಬಾಬ್ ರೀಸ್ ಬರೆದ ಚರಿತ್ರೆಯ ಹೊತ್ತಿಗೆ ಈ ದಾಖಲೆಗಳೆಲ್ಲ ಬೆಳಕಿಗೆ ಬಂದಿದ್ದವು. ತಮಗೆ ಸಿಕ್ಕ ಎರಡು ಪುಸ್ತಕಗಳ ಪ್ರಕಟಣೆಯ ವರ್ಷವನ್ನು ಮೊದಲ ಪುಟಗಳಲ್ಲಿ ನೋಡಿ. ಗೊಂದಲದ ಅರ್ಧ ಭಾಗ ಅಲ್ಲಿಯೇ ಪರಿಹಾರವಾಗಬಹುದು.

ಉಳಿದರ್ಧ ಅಷ್ಟು ಸುಲಭವಲ್ಲ. 1919ರಿಂದ 1935ರವರೆಗೆ ದಕ್ಷಿಣ ಆಸ್ಟ್ರೇಲಿಯದ ಊಲ್ಡಿಯಾ ಎಂಬಲ್ಲಿ, ನಲ್ಲರ್ಬೋರ್ ಬಯಲಿನ ಅಂಚಿನ ರೈಲುದಾರಿಯ ಪಕ್ಕ, ಆಕೆ ಗುಡಾರದಲ್ಲಿ ವಾಸವಿದ್ದಳು. ಮರಳುಗಾಳಿಯ ನಡುವೆಯೂ ಹಳೆಯ ಕಾಲದ ಉದ್ದನೆಯ ಲಂಗ, ಬಿಗಿ ಕಾಲರು, ಕೈಗವಸು, ಟೋಪಿಗೆ ಮುಖಪರದೆ. ಅಲ್ಲಿನ ಮೂಲನಿವಾಸಿಗಳು ತನ್ನನ್ನು 'ಕಬ್ಬಾರ್ಲಿ', ಅಂದರೆ ಅಜ್ಜಿ, ಎಂದು ಕರೆಯುತ್ತಾರೆಂದು ಆಕೆ ಹೆಮ್ಮೆಪಡುತ್ತಿದ್ದಳು. ಬಂದವರಿಗೆ ಹಿಟ್ಟು, ಚಹಾ, ಬಟ್ಟೆ ಕೊಡುತ್ತಿದ್ದಳು, ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದಳು. ಇವೆಲ್ಲ ನಿಜ. ಆದರೆ ಅದೇ ಜನ ನರಭಕ್ಷಕರೆಂದು ಪತ್ರಿಕೆಗಳಿಗೆ ಬರೆದವಳೂ, ಅವರ ಕುಲ ಅಳಿದುಹೋಗುವುದು ಖಚಿತವೆಂದು ಸಾರಿದವಳೂ, ಬಿಳಿಯರಿಗೂ ಮೂಲನಿವಾಸಿಗಳಿಗೂ ಹುಟ್ಟಿದ ಮಕ್ಕಳ ಬಗ್ಗೆ ತಿರಸ್ಕಾರದಿಂದ ಬರೆದವಳೂ ಆಕೆಯೇ. ಆ ಮಾತುಗಳು ಓದುಗರ ಮನಸ್ಸಿನಲ್ಲಿ ಬೇರೂರಿ ಮಾಡಿದ ಹಾನಿ ದೊಡ್ಡದು. ಕರುಣೆಯ ಪುಟಗಳನ್ನಷ್ಟೇ ಮಕ್ಕಳ ಮುಂದಿಡುವ ಕಿರುಪುಸ್ತಕಗಳನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಆಕೆಯ ಹೆಸರಿನಲ್ಲಿ 1938ರಲ್ಲಿ ಲಂಡನ್ನಿನಿಂದ ಪ್ರಕಟವಾದ 'ದಿ ಪಾಸಿಂಗ್ ಆಫ್ ದಿ ಅಬಾರಿಜಿನೀಸ್' ಪುಸ್ತಕವಾದರೂ ಪೂರ್ತಿಯಾಗಿ ಆಕೆಯ ಕೈಬರಹವೇ ಎಂದರೆ, ಅದೂ ಅಲ್ಲ. ಅಡಿಲೇಡಿನ ದಿನಪತ್ರಿಕೆಗಾಗಿ ಆಕೆಯ ನೆನಪುಗಳನ್ನು ಲೇಖನಮಾಲೆಯಾಗಿ ರೂಪಿಸಲು ನೆರವಾದವರು ಪತ್ರಕರ್ತೆ ಅರ್ನೆಸ್ಟೀನ್ ಹಿಲ್. ಪುಸ್ತಕ ಹುಟ್ಟಿದ್ದು ಆ ಲೇಖನಗಳಿಂದ. ತಮ್ಮ ಪಾಲು ಎಷ್ಟಿತ್ತೆಂಬುದನ್ನು ಹಿಲ್ ಹೇಳಿಕೊಂಡ ಸ್ಮರಣೆಯ ಪುಸ್ತಕ 'ಕಬ್ಬಾರ್ಲಿ' 1973ರಲ್ಲಿ ಬಂತು. ಈ ಎಲ್ಲ ಪದರಗಳ ಅಡಿಯಲ್ಲಿ ಇನ್ನೊಂದು ಡೇಸಿ ಬೇಟ್ಸ್ ಇದ್ದಾಳೆ, ಜನಪ್ರಿಯ ಪುಸ್ತಕಗಳು ಆಕೆಗೆ ಕೊಡುವ ಜಾಗ ಕಡಿಮೆ. 1904ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಸರ್ಕಾರ ಮೂಲನಿವಾಸಿ ಭಾಷೆಗಳ ಪದಗಳನ್ನು ಸಂಗ್ರಹಿಸುವ ಕೆಲಸವನ್ನು ಆಕೆಗೆ ವಹಿಸಿತು. ಪ್ರಶ್ನಾವಳಿ ಅಚ್ಚುಹಾಕಿಸಿ ಪೊಲೀಸರಿಗೆ, ಜಮೀನುದಾರರಿಗೆ ಕಳುಹಿಸಿ, ತಾನೂ ಊರೂರು ತಿರುಗಿ, ಆಕೆ ಸಾವಿರಾರು ಪುಟ ಪದಪಟ್ಟಿ, ವಂಶಾವಳಿ ಬರೆದಿಟ್ಟಳು. ಅವನ್ನೀಗ ಮೆಲ್ಬರ್ನ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿಗಳು ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಆಕೆ ಅಳಿಯುತ್ತಾರೆಂದ ಜನರ ಮೊಮ್ಮಕ್ಕಳು ಇಂದು ತಮ್ಮ ಭಾಷೆಯನ್ನು ಮರಳಿ ಕಲಿಯಲು, ನೆಲದ ಹಕ್ಕನ್ನು ನ್ಯಾಯಾಲಯದಲ್ಲಿ ಸಾಧಿಸಲು ಅದೇ ಪುಟಗಳನ್ನು ಬಳಸುತ್ತಿದ್ದಾರೆ. ಹಾಗಾಗಿ 'ಕರುಣಾಮಯಿಯೋ ಸುಳ್ಳುಗಾರ್ತಿಯೋ' ಎಂಬ ತಮ್ಮ ಪ್ರಶ್ನೆಗೆ ನನ್ನ ಉತ್ತರ: ತನ್ನ ಬಗ್ಗೆ ಆಕೆ ಹೇಳಿದ್ದನ್ನು ನಂಬಬೇಡಿ. ಆ ಜನರ ಬಗ್ಗೆ ಆಕೆ ಕೊಟ್ಟ ತೀರ್ಪನ್ನೂ ನಂಬಬೇಡಿ. ಆದರೆ ಅವರು ಹೇಳಿದ್ದನ್ನು ಕೇಳಿ ಬರೆದಿಟ್ಟ ಪದಗಳನ್ನು ಗೌರವದಿಂದ ನೋಡಿ.

ತನ್ನ ಚರಿತ್ರೆಯನ್ನು ತಾನೇ ತಿದ್ದಿಕೊಂಡವಳು ಡೇಸಿ ಒಬ್ಬಳೇ ಅಲ್ಲ. ಈಗಿನ ಇಪ್ಪತ್ತು ಡಾಲರ್ ನೋಟನ್ನು ತಾವು ದಿನವೂ ನೋಡುತ್ತಿರಬಹುದು. ಅದರ ಮೇಲಿರುವ ಕನ್ನಡಕದ ಅಜ್ಜಿ ಮೇರಿ ರೀಬಿ. ಲ್ಯಾಂಕಷೈರಿನ ಅನಾಥ ಹುಡುಗಿ. ಹುಡುಗನ ವೇಷದಲ್ಲಿ ಜೇಮ್ಸ್ ಬರೋ ಎಂಬ ಹೆಸರಿನಲ್ಲಿ ಕುದುರೆ ಕದ್ದ ಆರೋಪಕ್ಕೆ ಸಿಕ್ಕಿ, ಏಳು ವರ್ಷದ ಗಡೀಪಾರು ಶಿಕ್ಷೆ ಪಡೆದು 1792ರಲ್ಲಿ ಸಿಡ್ನಿಗೆ ಬಂದಳು. ಅಲ್ಲಿಂದ ಇಂಗ್ಲೆಂಡಿನಲ್ಲಿದ್ದ ತನ್ನ ಬಂಧುವೊಬ್ಬಳಿಗೆ ಬರೆದ ಪತ್ರ ಇಂದಿಗೂ ಸಿಡ್ನಿಯ ರಾಜ್ಯ ಗ್ರಂಥಾಲಯದಲ್ಲಿದೆ. ಗಂಡ ಥಾಮಸ್ ರೀಬಿ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದವನು. ಅವರ ಮನೆಯ ಹೆಸರು 'ಎಂಟಲಿ', ಕಲ್ಕತ್ತೆಯ ಬಡಾವಣೆಯ ಹೆಸರದು. 1811ರಲ್ಲಿ ಗಂಡ ತೀರಿಕೊಂಡಾಗ ಏಳು ಮಕ್ಕಳ ತಾಯಿ ಹಡಗು, ಅಂಗಡಿ, ಮನೆಬಾಡಿಗೆಗಳ ವ್ಯವಹಾರವನ್ನು ಕೈಗೆತ್ತಿಕೊಂಡು ಬೆಳೆಸಿದಳು. 1817ರಲ್ಲಿ ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್ ಶುರುವಾದದ್ದು ಆಕೆಯ ಕಟ್ಟಡದಲ್ಲಿ. 1820ರಲ್ಲಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಹುಟ್ಟೂರಿಗೆ ಹೋಗಿ ಮರುವರ್ಷ ಮರಳಿದಳು. ಆಮೇಲಿನ 1828ರ ಜನಗಣತಿಯಲ್ಲಿ ತನ್ನ ಹೆಸರಿನ ಮುಂದೆ ಆಕೆ ಬರೆಯಿಸಿದ್ದು: ಸ್ವತಂತ್ರಳಾಗಿ ಬಂದವಳು, 1821. ಮಾತು ಸುಳ್ಳಲ್ಲ, ಆ ವರ್ಷ ಆಕೆ ಸ್ವತಂತ್ರಳಾಗಿಯೇ ಹಡಗಿನಿಂದ ಇಳಿದಿದ್ದಳು. 1792ರ ಇಳಿಯುವಿಕೆಯಷ್ಟೇ ಆ ಸಾಲಿನಲ್ಲಿಲ್ಲ. ಕೈದಿಯ ಕಳಂಕ ಮೊಮ್ಮಕ್ಕಳವರೆಗೂ ತಟ್ಟುತ್ತಿದ್ದ ಊರಿನಲ್ಲಿ ಶ್ರೀಮಂತ ವಿಧವೆಯೊಬ್ಬಳು ಗಣತಿಯವನ ಮುಂದೆ ನಿಂತು ಹೇಳಿದ ಈ ಒಂದು ಸಾಲು, ಆಕೆಯ ಬಗ್ಗೆ ಇಡೀ ಅಧ್ಯಾಯದಷ್ಟು ಹೇಳುತ್ತದೆ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಇನ್ನೊಬ್ಬರ ಕೈ ಸೇರುವುದು ಯಾವಾಗಲೂ ಕೆಟ್ಟದ್ದೆಂದಲ್ಲ. 1897ರಲ್ಲಿ ಆಸ್ಟ್ರೇಲಿಯದಲ್ಲಿ ಚುನಾವಣೆಗೆ ನಿಂತ ಮೊದಲ ಮಹಿಳೆ ಕ್ಯಾಥರೀನ್ ಹೆಲೆನ್ ಸ್ಪೆನ್ಸ್ 1910ರಲ್ಲಿ ಆತ್ಮಕಥೆ ಬರೆಯುತ್ತಿರುವಾಗಲೇ ತೀರಿಕೊಂಡರು. ಕೊನೆಯ ಅಧ್ಯಾಯಗಳನ್ನು ಗೆಳತಿ ಜೀನ್ ಯಂಗ್ ಟಿಪ್ಪಣಿಗಳ ಆಧಾರದಲ್ಲಿ 'ನಾನು' ಎಂಬ ಉತ್ತಮಪುರುಷದಲ್ಲಿಯೇ ಪೂರ್ತಿಗೊಳಿಸಿದರು, ಹಾಗೆ ಮಾಡಿದ್ದನ್ನು ಮುಚ್ಚಿಡಲಿಲ್ಲ. 1888ರಲ್ಲಿ ಹೆಂಗಸರೇ ಅಚ್ಚಿನ ಮೊಳೆ ಜೋಡಿಸಿ ಅಚ್ಚುಹಾಕುವ 'ದಿ ಡಾನ್' ಪತ್ರಿಕೆ ಆರಂಭಿಸಿ, ಮುದ್ರಣ ಕಾರ್ಮಿಕರ ಸಂಘದ ಬಹಿಷ್ಕಾರವನ್ನು ಎದುರಿಸಿ 1905ರವರೆಗೆ ನಡೆಸಿದ ಲೂಯಿಸಾ ಲಾಸನ್ ಬಗ್ಗೆ ಬ್ರಯನ್ ಮ್ಯಾಥ್ಯೂಸ್ 1987ರಲ್ಲಿ ಬರೆದ 'ಲೂಯಿಸಾ' ಇನ್ನೂ ಧೈರ್ಯದ ಪ್ರಯೋಗ. ದಾಖಲೆ ಸಾಲದ ಕಡೆಗಳಲ್ಲಿ ಊಹಿಸುವುದಕ್ಕೆಂದೇ ಅವರು ಇನ್ನೊಬ್ಬ ಕಲ್ಪಿತ ಚರಿತ್ರಕಾರನನ್ನು ಪುಸ್ತಕದೊಳಗೆ ತಂದು, ಇದು ಅವನ ಮಾತು, ಇದು ನನ್ನ ಮಾತು ಎಂದು ಓದುಗರ ಎದುರೇ ಬೇರ್ಪಡಿಸುತ್ತಾರೆ. ಊಹೆ ತಪ್ಪಲ್ಲ, ಊಹೆಯನ್ನು ಸಂಗತಿಯ ವೇಷದಲ್ಲಿ ಕೂರಿಸುವುದು ತಪ್ಪು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಹಾಗೆಯೇ, ಈ ಮಹಿಳೆಯರು ಗೆದ್ದ ಮತದಾನದ ಹಕ್ಕಿನ ಕಥೆಯನ್ನು ಓದುವಾಗ ತಮಗೆ ನೇರವಾಗಿ ಸಂಬಂಧಪಟ್ಟ ಒಂದು ಸಂಗತಿ ನೆನಪಿರಲಿ. ಮಹಿಳೆಯರಿಗೆ ಮತ ಕೊಟ್ಟ 1902ರ ಕಾಯಿದೆಯೇ ಆಸ್ಟ್ರೇಲಿಯದ ಮೂಲನಿವಾಸಿಗಳನ್ನೂ ಏಷ್ಯಾ, ಆಫ್ರಿಕಾ ಮೂಲದವರನ್ನೂ ಬಹುಮಟ್ಟಿಗೆ ಹೊರಗಿಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿ ಆಸ್ಟ್ರೇಲಿಯದಲ್ಲಿ ನೆಲೆಸಿದವರಿಗೆ ಆ ಹಕ್ಕು ಬಂದದ್ದು 1925ರಲ್ಲಿ. 'ಆಸ್ಟ್ರೇಲಿಯದ ಮಹಿಳೆಯರೆಲ್ಲ ಮತ ಪಡೆದರು' ಎಂದು ಬರೆದಿರುವ ಪುಸ್ತಕದ ಉಳಿದ ಮಾತುಗಳನ್ನೂ ಎಚ್ಚರದಿಂದ ಓದುವುದು ಒಳ್ಳೆಯದು.

ಜನಪ್ರಿಯ ಸಂಕಲನಗಳಲ್ಲಿ ಹೂವಿನ ಚಿತ್ರದ ಜೊತೆ ಬರುವ ಜಾರ್ಜಿಯಾನಾ ಮೊಲಾಯ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಈ ಕಪಾಟಿನಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದವಳೂ ನನ್ನನ್ನು ಅತ್ಯಂತ ಕಾಡಿದವಳೂ ಆಕೆಯೇ. 1805ರಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ಹುಟ್ಟಿ, ವಾಟರ್‌ಲೂ ಯುದ್ಧದಲ್ಲಿ ಹೋರಾಡಿದ್ದ ಕ್ಯಾಪ್ಟನ್ ಜಾನ್ ಮೊಲಾಯ್‌ನನ್ನು ಮದುವೆಯಾಗಿ, 1830ರ ಮೇ ತಿಂಗಳಲ್ಲಿ ಪಶ್ಚಿಮ ಆಸ್ಟ್ರೇಲಿಯದ ದಕ್ಷಿಣ ತುದಿಯ ಆಗಸ್ಟಾದಲ್ಲಿ ಇಳಿದಳು. ಮಳೆಗಾಲದ ಆರಂಭ, ಮನೆಯಿಲ್ಲ. ಗುಡಾರದಲ್ಲಿಯೇ ಮೊದಲ ಹೆರಿಗೆ. ಮಗು ಕೆಲವೇ ದಿನ ಬದುಕಿತು. 1836ರ ಕೊನೆಗೆ ಲಂಡನ್ನಿನಿಂದ ಕ್ಯಾಪ್ಟನ್ ಜೇಮ್ಸ್ ಮ್ಯಾಂಗಲ್ಸ್ ಎಂಬ ಅಪರಿಚಿತ ತೋಟಪ್ರೇಮಿಯ ಪತ್ರವೂ ಬೀಜಗಳ ಪೆಟ್ಟಿಗೆಯೂ ಬಂದವು: ನಿಮ್ಮ ಕಡೆಯ ಕಾಡುಗಿಡಗಳ ಬೀಜ ಕಳುಹಿಸಿಕೊಡುವಿರಾ ಎಂದು. ಸಸ್ಯಶಾಸ್ತ್ರ ಓದಿದವಳಲ್ಲ. ಮನೆಗೆಲಸ, ಮಕ್ಕಳು, ಹಸು, ಬೆಣ್ಣೆ ಇವುಗಳ ನಡುವೆ ಒಪ್ಪಿಕೊಂಡಳು. ಮರುವರ್ಷ ನವೆಂಬರಿನಲ್ಲಿ, ಇನ್ನೂ ಎರಡು ವರ್ಷ ತುಂಬದ ಒಬ್ಬನೇ ಮಗ ಜಾನ್ ಮನೆಯ ಬಾವಿಗೆ ಬಿದ್ದು ತೀರಿಕೊಂಡ. ಆ ಸಾವಿನ ವಿವರವನ್ನು ಆಕೆ ಬಿಚ್ಚಿ ಬರೆದದ್ದು ಎಂದೂ ಮುಖ ನೋಡದ ಆ ಮ್ಯಾಂಗಲ್ಸ್‌ಗೆ. ದುಃಖದ ನಂತರ ಕಾಡು ಆಕೆಗೆ ಆಸರೆಯಾಯಿತು. ಒಣಗಿಸಿದ ಒಂದೊಂದು ಗಿಡದ ಮಾದರಿಗೂ ಅದರ ಬೀಜದ ಪೊಟ್ಟಣಕ್ಕೂ ಒಂದೇ ಸಂಖ್ಯೆ ಹಾಕಿ, ಹೂ ಕಂಡ ಜಾಗವನ್ನು ನೆನಪಿಟ್ಟು ಬೀಜ ಬಲಿಯುವ ಹೊತ್ತಿಗೆ ಮತ್ತೆ ಅಲ್ಲಿಗೇ ಹೋಗಿ, ಆಕೆ ಕಳುಹಿಸಿದ ಪೆಟ್ಟಿಗೆಗಳು ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞರ ಮೆಚ್ಚುಗೆ ಗಳಿಸಿದವು. ಬೊರೋನಿಯಾ ಮೊಲಾಯೇ ಎಂಬ ಗಿಡಕ್ಕೆ ಆಕೆಯ ಹೆಸರಿದೆ. 1843ರಲ್ಲಿ, ಏಳನೆಯ ಹೆರಿಗೆಯ ನಂತರ, 37ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಈ ಪತ್ರಗಳು ಉಳಿದಿರುವುದು ಮ್ಯಾಂಗಲ್ಸ್ ಅವನ್ನು ತನ್ನ ಪುಸ್ತಕಗಳಲ್ಲಿ ನಕಲು ಮಾಡಿಸಿ ಇಟ್ಟುಕೊಂಡಿದ್ದರಿಂದ. ಅವೀಗ ಪರ್ತ್‌ನ ಗ್ರಂಥಾಲಯದಲ್ಲಿವೆ. ಅಂದರೆ ಹೂಗಳಲ್ಲಿ ಆಸಕ್ತಿಯಿದ್ದ ಒಬ್ಬ ಗಂಡಸಿಗೆ ಬರೆದ ಪತ್ರಗಳೇ ಆಕೆಯ ಬದುಕಿನ ಮುಖ್ಯ ಕಿಟಕಿಯಾಗಿಬಿಟ್ಟಿವೆ. ಕಿಟಕಿಯ ಆಚೆ ಏನಿತ್ತು? ಆಕೆಗೆ ಗಿಡಗಳನ್ನು ಹುಡುಕಲು ನೆರವಾದವರಲ್ಲಿ ಆ ನೆಲದ ನೂಂಗಾರ್ ಜನ ಇದ್ದರು. ಅವರಿಗೆ ಆ ಕಾಡಿನ ಹಾದಿಗಳೆಲ್ಲ ಮೊದಲೇ ಗೊತ್ತಿದ್ದವು. 1841ರ ಫೆಬ್ರುವರಿಯಲ್ಲಿ, ಆಕೆಯ ಕುಟುಂಬ ವಾಸೆ ನದಿಯ ಪ್ರದೇಶಕ್ಕೆ ಬಂದು ನೆಲೆಸಿದ ಮೇಲೆ, ಹತ್ತಿರದ ವನ್ನರಪ್‌ನಲ್ಲಿ ಜಾರ್ಜ್ ಲೇಮನ್ ಎಂಬ ವಲಸಿಗ ಈಟಿಗೆ ಬಲಿಯಾದ. ಸೇಡಿಗೆ ಹೊರಟ ಬಂದೂಕಿನವರ ಮುಂದಾಳತ್ವದಲ್ಲಿ ಅಲ್ಲಿನ ಮ್ಯಾಜಿಸ್ಟ್ರೇಟ್ ಆಗಿದ್ದ ಜಾರ್ಜಿಯಾನಾಳ ಗಂಡನೇ ಇದ್ದ. ಸತ್ತ ನೂಂಗಾರ್ ಜನರ ಲೆಕ್ಕವನ್ನು ಯಾರೂ ಸರಿಯಾಗಿ ಬರೆದಿಡಲಿಲ್ಲ. ಆ ಜನರ ವಂಶಸ್ಥರಲ್ಲಿ ಆ ನೆನಪು ಇಂದಿಗೂ ಆರಿಲ್ಲ. ಹೂವಿನ ಕಥೆ ಒಂದು ಕಾಗದದಲ್ಲಿ, ಬಂದೂಕಿನ ಕಥೆ ಇನ್ನೊಂದು ಕಾಗದದಲ್ಲಿ ಇರುವುದರಿಂದ, ನಾಲ್ಕೈದು ಪುಟದ ಕಿರುಚಿತ್ರಣಗಳು ಮೊದಲನೆಯದನ್ನು ಮಾತ್ರ ಎತ್ತಿಕೊಂಡು ಮುಗಿಸಿಬಿಡುತ್ತವೆ. ಆಕೆ ಬೀಜ ಆಯ್ದ ಕೈಯ ನವಿರನ್ನು ನಾನು ಅಲ್ಲಗಳೆಯುವುದಿಲ್ಲ. ಅದೇ ಮನೆಯಿಂದ ಹೊರಟ ಬಂದೂಕನ್ನು ಬಿಟ್ಟು ಆಕೆಯ ಕಥೆ ಹೇಳುವುದನ್ನು ಮಾತ್ರ ಒಪ್ಪಲಾರೆ. ಅಲೆಕ್ಸಾಂಡ್ರಾ ಹ್ಯಾಸ್‌ಲಕ್ 1955ರಲ್ಲಿ ಬರೆದ 'ಪೋರ್ಟ್ರೇಟ್ ವಿತ್ ಬ್ಯಾಕ್‌ಗ್ರೌಂಡ್' ಆಕೆಯನ್ನು ಮರೆವಿನಿಂದ ಎತ್ತಿ ತಂದ ಪುಸ್ತಕ, ಬರ್ನೀಸ್ ಬ್ಯಾರಿ ಅವರ 'ದಿ ಮೈಂಡ್ ದಟ್ ಶೈನ್ಸ್' ಇತ್ತೀಚಿನದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು 1841ರ ಪುಟಗಳನ್ನು ಹೋಲಿಸಿ ನೋಡಿ.

ಮೂಲನಿವಾಸಿ ಮಹಿಳೆಯೊಬ್ಬಳ ಚರಿತ್ರೆಯನ್ನೂ ಓದಲೇಬೇಕು. ಟಾಸ್ಮೇನಿಯದ ಬ್ರೂನಿ ದ್ವೀಪದ ಟ್ರುಗನಿನಿ 1876ರಲ್ಲಿ ತೀರಿಕೊಂಡಾಗ ಆಕೆಯನ್ನು 'ಕೊನೆಯವಳು' ಎಂದು ಸಾರಲಾಯಿತು. ಅದು ನಿಜವಲ್ಲ, ಆ ಜನ ಇಂದಿಗೂ ಇದ್ದಾರೆ. ತನ್ನ ದೇಹವನ್ನು ಕೊಯ್ಯಬೇಡಿರೆಂದು ಆಕೆ ಬೇಡಿಕೊಂಡಿದ್ದರೂ ಗೋರಿಯಿಂದ ಅಸ್ಥಿಪಂಜರವನ್ನು ತೆಗೆದು 1947ರವರೆಗೆ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಚಿತಾಭಸ್ಮ ಸಮುದ್ರ ಸೇರಿದ್ದು 1976ರಲ್ಲಿ. ಆಕೆ ಸ್ವತಃ ಬರೆದ ಒಂದು ಸಾಲೂ ನಮಗಿಲ್ಲ, ಇರುವುದು ಜಾರ್ಜ್ ಆಗಸ್ಟಸ್ ರಾಬಿನ್ಸನ್ ಎಂಬ ಬಿಳಿಯನ ದಿನಚರಿ. ಕಸಾಂಡ್ರಾ ಪೈಬಸ್ 2020ರಲ್ಲಿ ಬರೆದ ಚರಿತ್ರೆ ಆ ದಿನಚರಿಯನ್ನೇ ಆಧರಿಸಿ, ಆದರೆ ಬರೆದವನ ಕಣ್ಣಿನಿಂದ ಬಿಡಿಸಿಕೊಂಡು, ಆಕೆಯನ್ನು ನಡೆಯುವ, ಈಜುವ, ತೀರ್ಮಾನ ತೆಗೆದುಕೊಳ್ಳುವ ಹೆಂಗಸಾಗಿ ಕಾಣಿಸುತ್ತದೆ. ತನ್ನ ಪೂರ್ವಜರಿಗೆ ಸಿಕ್ಕಿದ್ದು ಟ್ರುಗನಿನಿಯ ಜನರ ನೆಲವೇ ಎಂಬುದನ್ನು ಪೈಬಸ್ ಮುಚ್ಚಿಡುವುದಿಲ್ಲ. ಎಲ್ಲಿಂದ ಆರಂಭಿಸಬೇಕೆಂಬ ತಮ್ಮ ಪ್ರಶ್ನೆಗೆ, ಒಂದೇ ಪುಸ್ತಕ ಹೇಳಿ ಎಂದರೆ, ನಾನು ಇದನ್ನೇ ಹೇಳುತ್ತೇನೆ.

ಓದುವಾಗ ಸಂಶಯ ಬಂದ ಕಡೆ ಪರಿಶೀಲಿಸಲು ಎರಡು ಉಚಿತ ಆಸರೆಗಳಿವೆ. 1966ರಿಂದ ಸಂಪುಟಗಳಾಗಿ ಬರುತ್ತಿರುವ ಆಸ್ಟ್ರೇಲಿಯನ್ ಡಿಕ್ಷನರಿ ಆಫ್ ಬಯಾಗ್ರಫಿ ಅಂತರಜಾಲದಲ್ಲಿ ಪೂರ್ತಿಯಾಗಿ ಲಭ್ಯವಿದೆ. ಅದರ ಹಳೆಯ ಸಂಪುಟಗಳಲ್ಲಿ ಹೆಂಗಸರ ಸಂಖ್ಯೆ ತೀರ ಕಡಿಮೆ ಎಂಬ ಕೊರತೆಯನ್ನು ಈಗ ತುಂಬಿಕೊಡಲಾಗುತ್ತಿದೆ. ರಾಷ್ಟ್ರೀಯ ಗ್ರಂಥಾಲಯದ 'ಟ್ರೋವ್' ತಾಣದಲ್ಲಿ ಹಳೆಯ ದಿನಪತ್ರಿಕೆಗಳನ್ನು ಹೆಸರು ಕೊಟ್ಟು ಹುಡುಕಬಹುದು. ಜೊತೆಗೆ, ಪುಸ್ತಕದ ಹಿಂಬದಿಯ ಟಿಪ್ಪಣಿಗಳನ್ನು ಮೊದಲು ತಿರುವಿ ನೋಡುವ ಅಭ್ಯಾಸ ಮಾಡಿಕೊಳ್ಳಿ. 'ಆಕೆ ಆ ರಾತ್ರಿ ಅತ್ತಳು' ಎಂಬ ವಾಕ್ಯಕ್ಕೆ ಟಿಪ್ಪಣಿ ಇಲ್ಲದಿದ್ದರೆ, ಅತ್ತವಳು ಆಕೆಯೋ ಲೇಖಕರ ಕಲ್ಪನೆಯೋ ಎಂದು ಒಂದು ಕ್ಷಣ ನಿಂತು ಕೇಳಿಕೊಳ್ಳಿ.

ಇನ್ನು ಮೊಮ್ಮಗಳ ಪುಸ್ತಕ. ಇದಕ್ಕೆ ಕ್ಯಾರೊಲೀನ್ ಚಿಸಮ್‌ಳನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಮುಖ್ಯ ಕಾರಣ, ಆಕೆಯ ಕಥೆ ಅರ್ಧ ನಮ್ಮ ಕಡೆಯಿಂದಲೇ ಶುರುವಾಗುತ್ತದೆ. 1808ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ನಲ್ಲಿ ಹುಟ್ಟಿದ ಆಕೆ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿ ಆರ್ಚಿಬಾಲ್ಡ್ ಚಿಸಮ್‌ನನ್ನು ಮದುವೆಯಾಗಿ ಮದ್ರಾಸಿಗೆ ಬಂದಳು. ದಂಡಿನ ಸಿಪಾಯಿಗಳ ವಸತಿಯಲ್ಲಿ ದಿಕ್ಕಿಲ್ಲದೆ ಬೆಳೆಯುತ್ತಿದ್ದ ಐರೋಪ್ಯ ಸೈನಿಕರ ಹೆಣ್ಣುಮಕ್ಕಳಿಗಾಗಿ 1834ರಲ್ಲಿ ಅಲ್ಲೊಂದು ಶಾಲೆ ತೆರೆದಳು. ಓದುಬರಹದ ಜೊತೆ ಮನೆ ನಡೆಸುವ ಕೆಲಸವನ್ನೂ ಅಲ್ಲಿ ಕಲಿಸುತ್ತಿದ್ದರು. 1838ರಲ್ಲಿ ಸಿಡ್ನಿಗೆ ಬಂದಾಗ ಹಡಗಿನಿಂದ ಇಳಿದು ಕೆಲಸವೂ ಸೂರೂ ಇಲ್ಲದೆ ಅಲೆಯುತ್ತಿದ್ದ ವಲಸೆ ಹುಡುಗಿಯರನ್ನು ಕಂಡು, ಗವರ್ನರ್ ಗಿಪ್ಸ್‌ನನ್ನು ಒಪ್ಪಿಸಿ, 1841ರಲ್ಲಿ ಹಳೆಯ ಸರ್ಕಾರಿ ಕಟ್ಟಡವೊಂದನ್ನು ಪಡೆದು ಆಶ್ರಯ ತೆರೆದಳು. ಹುಡುಗಿಯರನ್ನು ಬಂಡಿಗಳಲ್ಲಿ ಕೂರಿಸಿ, ತಾನು ಬಿಳಿಯ ಕುದುರೆಯ ಮೇಲೆ ಮುಂದೆ ಸಾಗಿ, ಒಳನಾಡಿನ ಜಮೀನುಗಳಲ್ಲಿ ಕೆಲಸಕ್ಕೆ ಸೇರಿಸಿ ಬರುತ್ತಿದ್ದಳು. ರಾಣಿಯ ಹೊರತು ಆಸ್ಟ್ರೇಲಿಯದ ನೋಟಿನ ಮೇಲೆ ಬಂದ ಮೊದಲ ಮಹಿಳೆ ಆಕೆ, 1967ರ ಐದು ಡಾಲರ್ ನೋಟಿನಲ್ಲಿ. ಮಾರ್ಗರೆಟ್ ಕಿಡ್ಲ್ 1950ರಲ್ಲಿ ಬರೆದ ಜೀವನಚರಿತ್ರೆ ಇಂದಿಗೂ ಭರವಸೆಯದು. ಆಕೆಯನ್ನೂ ಪೂರ್ತಿ ಒಪ್ಪಬೇಕಾಗಿಲ್ಲ. ಸದ್ಗುಣಿ ಹೆಂಗಸರನ್ನು 'ದೇವರ ಪೊಲೀಸರು' ಎಂದು ಕರೆದ ಆಕೆಯ ಮಾತನ್ನೇ 1975ರಲ್ಲಿ ಆನ್ ಸಮರ್ಸ್ ತಮ್ಮ ಪುಸ್ತಕದ ಶೀರ್ಷಿಕೆಗೆ ಎತ್ತಿಕೊಂಡು, ಹೆಂಗಸರ ಮೇಲೆ ಆ ಹೊಣೆ ಹೊರಿಸಿದ್ದರ ಪರಿಣಾಮವೇನೆಂದು ತೀಕ್ಷ್ಣವಾಗಿ ವಿಚಾರಿಸಿದರು.

ಮಾತುಕತೆ ಕಲ್ಪಿಸಬಹುದೇ ಎಂದಿರಿ. ಮಕ್ಕಳಿಗೆ ಬರೆಯುವಾಗ ಕಲ್ಪಿಸಬಹುದು, ಆದರೆ ಮುನ್ನುಡಿಯಲ್ಲಿ 'ಈ ಮಾತುಗಳು ಅಜ್ಜಿ ಕಟ್ಟಿದ್ದು, ಈ ಘಟನೆಗಳು ನಡೆದದ್ದು' ಎಂದು ಒಂದು ಸಾಲು ಬರೆಯಿರಿ. ಹತ್ತು ವರ್ಷದ ಮಗುವಿಗೆ ಆ ವ್ಯತ್ಯಾಸ ಚೆನ್ನಾಗಿಯೇ ತಿಳಿಯುತ್ತದೆ. ಚಿಸಮ್ ವಿಷಯದಲ್ಲಿ ಕಲ್ಪನೆಯ ಅಗತ್ಯವೂ ಹೆಚ್ಚಿಲ್ಲ. ಆಶ್ರಯದ ಮೊದಲ ರಾತ್ರಿಯ ಬಗ್ಗೆ 1842ರಲ್ಲಿ ಆಕೆಯೇ ಅಚ್ಚುಹಾಕಿಸಿದ ಪುಸ್ತಿಕೆಯಲ್ಲಿ ಬರೆದಿದ್ದಾಳೆ. ಆಕೆಗೆ ಕೊಟ್ಟಿದ್ದು ಸಾಮಾನು ತುಂಬುವ ಒಂದು ಚಿಕ್ಕ ಕೋಣೆ. ದೀಪ ಆರಿಸಿ ಮಲಗಿದಾಗ ಇಲಿಗಳು ಎಲ್ಲ ಕಡೆಯಿಂದ ನುಗ್ಗಿದವು, ಮೈಮೇಲೂ ಹಾರಿದವು. ಆ ರಾತ್ರಿಯೇ ಎದ್ದು ಓಡಿಹೋಗಿದ್ದರೆ ಇಡೀ ಯೋಜನೆ ನಗೆಪಾಟಲಾಗುತ್ತಿತ್ತು. ಆಕೆ ಮೇಣದ ಬತ್ತಿ ಹೊತ್ತಿಸಿ, ಬ್ರೆಡ್ಡು ಕತ್ತರಿಸಿ ನೀರಿನ ತಟ್ಟೆಯ ಜೊತೆ ನೆಲದ ಮಧ್ಯದಲ್ಲಿಟ್ಟು, ಹಾಸಿಗೆಯ ಮೇಲೆ ಕೂತು ಪುಸ್ತಕ ಓದುತ್ತ, ತಿನ್ನಲು ಬಂದ ಇಲಿಗಳನ್ನು ಎಣಿಸುತ್ತ ಬೆಳಗು ಮಾಡಿದಳು. ಮರುರಾತ್ರಿ ಅದೇ ಊಟಕ್ಕೆ ಪಾಷಾಣ ಬೆರೆಸಿದಳು. ಮೊದಲ ನಾಲ್ಕು ರಾತ್ರಿ ಹೀಗೆಯೇ ಕಳೆಯಿತು. ತಮ್ಮ ಪುಸ್ತಕವನ್ನು ಈ ರಾತ್ರಿಯಿಂದಲೇ ಆರಂಭಿಸಿ, ಅಲ್ಲಿಂದ ಹಿಂದಕ್ಕೆ ಮದ್ರಾಸಿನ ಶಾಲೆಗೆ ಹೋಗಿ. ಆಕೆ ಕೊಟ್ಟ ಇಲಿಗಳ ಲೆಕ್ಕವನ್ನು ಹೆಚ್ಚುಕಡಿಮೆ ಮಾಡದೆ ಇದ್ದಂತೆಯೇ ಬರೆಯಿರಿ: ಒಂದು ಸಲಕ್ಕೆ ಏಳಕ್ಕಿಂತ ಕಡಿಮೆ ಇರಲಿಲ್ಲ, ಹದಿಮೂರಕ್ಕಿಂತ ಹೆಚ್ಚು ಕಾಣಲಿಲ್ಲ.